ನೋಡದೆ ಒತ್ತಿದ ‘ಹೌದು’

“ನಿಮ್ಮ ಆ ಕೆಂಪು ಅಲರ್ಟ್ ಈಗಿಂದೀಗ ತೆಗೀರಿ. ಇಲ್ಲಾಂದ್ರ ನಾನೇ ಕಂಪ್ಯೂಟರ್ ವೈರ್ ಕಿತ್ತು ಒಗೀತೀನಿ.”

ಬಾಗಿಲಲ್ಲಿ ನಿಂತ ನರ್ಸ್ ಪಂಪಾವತಿ ಏದುಸಿರು ಬಿಡುತ್ತಿದ್ದಳು. ಬಳ್ಳಾರಿಯ ಆ ಖಾಸಗಿ ಆಸ್ಪತ್ರೆಯ ಮೂರು ಮಹಡಿಗಳನ್ನು ಒಂದೇ ಉಸಿರಿನಲ್ಲಿ ಇಳಿದು ಬಂದಿದ್ದಳು.

ಕಂಪ್ಯೂಟರ್ ವಿಭಾಗದ ಹುಲುಗೇಶ ಗಡಬಡಿಸಿ ಎದ್ದ. ಸಿರುಗುಪ್ಪ ಹತ್ತಿರದ ದೇಶನೂರಿನವನು. ಇಲ್ಲಿಗೆ ಬಂದು ಎರಡೇ ತಿಂಗಳು.

“ತಗ್ಯಾಕ ಬರಂಗಿಲ್ರಿ ಮೇಡಮ್. ಕ್ಯಾಥೆಟರ್ ಹಾಕಿ ಎರಡು ದಿನ ದಾಟಿದ್ರ ಅದು ಕೇಳ್ಬೇಕು. ಮೂತ್ರದ ಪೈಪು ಸುಮ್ನ ಒಳಗ ಉಳಿದ್ರ ಸೋಂಕು ಆಗ್ತೈತಿ...”

“ಅದನ್ನ ನನಗ ಹೇಳ್ತೀರೇನು? ಮೂವತ್ತು ಮಂದಿಗೆ ನಾವು ಇಬ್ರು ಅದೀವಿ. ಇಂಜೆಕ್ಷನ್ ಕೊಟ್ಟದ್ದು ಕಂಪ್ಯೂಟರಿನ್ಯಾಗ ಬರಿಯಾಕ ಹೋದ್ರ ‘ಕ್ಯಾಥೆಟರ್ ಇನ್ನೂ ಬೇಕೇ’ ಅಂತ ಅಡ್ಡ ನಿಂದರ್ತೈತಿ. ನೀವು ಒಂದ್ಸಲ ಆದ್ರೂ ವಾರ್ಡಿಗೆ ಬಂದು ನೋಡೀರೇನು?”

ಅವನು ನೋಡಿರಲಿಲ್ಲ. ಮತ್ತೆ ತನ್ನ ಪರದೆಯತ್ತ ತಿರುಗಿದ.

ಎಷ್ಟು ಸೊಕ್ಕು... ಎಂದುಕೊಂಡು ಅವಳು ಹೊರಟುಹೋದಳು.

ಆಮೇಲೆ ಪರದೆ ಕೆಂಪಾದೊಡನೆ ಅವಳ ಬೆರಳು ತಾನಾಗಿ ‘ಹೌದು’ ಒತ್ತುವುದನ್ನು ಕಲಿಯಿತು. ಯಾವ ರೋಗಿ, ಎಷ್ಟನೇ ದಿನ ಎಂಬುದನ್ನು ಕಣ್ಣು ಓದುತ್ತಲೇ ಇರಲಿಲ್ಲ.

ಒಂದು ವಾರದ ನಂತರ ನರ್ಸಿಂಗ್ ಮೇಲ್ವಿಚಾರಕಿ ಜಂಬಮ್ಮ ಕರೆಸಿದರು.

“ಕಂಪ್ಯೂಟರಿನವ್ರು ಪಟ್ಟಿ ಕೊಟ್ಟಾರ. ಓದ್ಲಾರದ ‘ಹೌದು’ ಒತ್ತೋರಾಗ ನಿನ್ನ ಹೆಸರೇ ಮ್ಯಾಲ ಐತಿ.”

ಪಂಪಾವತಿಯ ಮುಖ ಬಿಸಿಯಾಯಿತು. ಬೈದದ್ದಕ್ಕೆ ಹೀಗೆ ಸೇಡು ತೀರಿಸಿಕೊಂಡನೇ?

ಮರುದಿನ ಬೆಳಿಗ್ಗೆ ಹುಲುಗೇಶ ವಾರ್ಡಿನ ಮೂಲೆಯಲ್ಲಿ ನೋಟ್‌ಬುಕ್ ಹಿಡಿದು ಕುಳಿತಿದ್ದ! ಮೂರು ದಿನ, ಅವಳ ಪಾಳಿ ಮುಗಿಯುವವರೆಗೂ ಕುಳಿತ. ಅವಳು ಅವನತ್ತ ತಿರುಗಿಯೂ ನೋಡಲಿಲ್ಲ. ನನ್ನ ತಪ್ಪು ಎಣಿಸುತ್ತಿದ್ದಾನೆ... ಎಣಿಸಲಿ.

ಮೂರನೇ ದಿನ ಮಧ್ಯಾಹ್ನ ಹನ್ನೊಂದನೇ ಮಂಚದ ಗಂಗಕ್ಕನಿಗೆ ನಡುಕ ಹತ್ತಿತು. ಕೊಳಗಲ್ಲಿನ ರೈತ ಹೆಣ್ಣುಮಗಳು. ತೊಡೆಯ ಮೂಳೆ ಮುರಿದು ಆಪರೇಷನ್ ಆಗಿತ್ತು. ಮೈ ಸುಡುತ್ತಿತ್ತು, ಹಲ್ಲು ಕಟಕಟ ಎನ್ನುತ್ತಿದ್ದವು.

ಪಂಪಾವತಿ ದಾಖಲೆ ತೆರೆದಳು. ಕ್ಯಾಥೆಟರ್ ಹಾಕಿ ಏಳು ದಿನ. ಮೂರನೇ ದಿನವೇ ತೆಗೆಯಬಹುದಿತ್ತು. ಆಮೇಲಿನ ಪ್ರತಿ ದಿನದ ಮುಂದೆಯೂ ‘ಹೌದು’. ಅದರಲ್ಲಿ ಮೂರು ದಿನ ಅವಳದೇ ಹೆಸರು.

ಅವಳು ವೈದ್ಯರನ್ನು ಕರೆಯಲು ಓಡಿದಳು.

ಸೋಂಕು ರಕ್ತಕ್ಕೆ ಇಳಿದಿತ್ತು. ಗಂಗಕ್ಕನನ್ನು ಐಸಿಯುಗೆ ಒಯ್ದರು.

ಮರುದಿನದ ಸಭೆಯಲ್ಲಿ ಹಿರಿಯ ವೈದ್ಯ ಚಿದಾನಂದಪ್ಪನವರು ಕೇಳುವ ಮೊದಲೇ ಅವಳು ಎದ್ದಳು. “ನೋಡ್ಲಾರದ ಒತ್ತಿದೆ ಸರ್. ತಪ್ಪು ನಂದು.”

“ಅರ್ಧ ತಪ್ಪು ನಂದೂ ಐತ್ರಿ,” ಎಂದು ಹುಲುಗೇಶನೂ ಎದ್ದ. “ಒಂದು ಪಾಳಿಯಾಗ ಇವರಿಗೆ ಆ ಅಲರ್ಟ್ ನಲವತ್ತೊಂದು ಸಲ ಬಂತು. ಮೂವತ್ತೈದು ಸಲ ಅದರ ಅವಶ್ಯ ಇದ್ದಿಲ್ಲ. ಒಮ್ಮೆ ಉತ್ತರ ಕೊಟ್ಟ ಮ್ಯಾಲೂ ಅದೇ ರೋಗಿ ಬಗ್ಗೆ ಮತ್ತ ಮತ್ತ ಕೇಳ್ತಿತ್ತು. ವಾರ್ಡ್ ನೋಡ್ಲಾರದ ನಾನು ಮಾಡಿದ್ದದು. ಪಟ್ಟಿ ಜೋಡಿ ಪತ್ರದಾಗ ಹೇಳಿದ್ದೆ... ತಪ್ಪು ನರ್ಸುಗಳದ್ದಲ್ಲ, ವಾರ್ಡಿನ್ಯಾಗ ಕುಂತು ನೋಡಾಕ ಬಿಡ್ರಿ ಅಂತ.”

ಜಂಬಮ್ಮ ಮೆಲ್ಲಗೆ ಅಂದರು, “ಕುಂದ್ರಾಕ ಬಿಟ್ಟೆ. ಪತ್ರದ ಉಳಿದ ಮಾತು ಪಂಪಾವತಿಗೆ ನಾನೇ ಹೇಳ್ಲಿಲ್ಲ.”

ಪಂಪಾವತಿ ಅವನತ್ತ ನೋಡಿದಳು. ಇಷ್ಟು ದಿನ ಯಾರ ಮೇಲೆ ಸಿಟ್ಟು ಮಾಡಿಕೊಂಡಿದ್ದೆ ನಾನು?

ಮುಂದಿನ ಎರಡು ವಾರ ಇಬ್ಬರೂ ಕೂಡಿ ಆ ಅಲರ್ಟನ್ನು ತಿದ್ದಿದರು. ದಿನಕ್ಕೆ ಒಂದೇ ಸಲ, ಬೆಳಿಗ್ಗೆ ವೈದ್ಯರು ಬರುವ ಹೊತ್ತಿಗೆ ಅವರ ಮುಂದೆಯೇ ಬರಬೇಕು. ಎಷ್ಟನೇ ದಿನವೆಂದು ದೊಡ್ಡದಾಗಿ ಕಾಣಬೇಕು. ಬೇಕು ಅಂದರೆ ಯಾಕೆ ಬೇಕೆಂದು ಹೇಳಬೇಕು. ಕಾರಣವಿಲ್ಲದಿದ್ದರೆ ನರ್ಸೇ ಕ್ಯಾಥೆಟರ್ ತೆಗೆಯಬಹುದು ಎಂದು ಚಿದಾನಂದಪ್ಪನವರು ಒಪ್ಪಿದರು.

ಗಂಗಕ್ಕ ಚೇತರಿಸಿಕೊಂಡು ವಾರ್ಡಿಗೆ ಮರಳಿದಳು. ಪಂಪಾವತಿ ಮಂಚದ ಪಕ್ಕ ಕುಳಿತು ಎಲ್ಲವನ್ನೂ ಹೇಳಿದಳು.

ಗಂಗಕ್ಕ ಹೊದಿಕೆ ಸರಿಸಿ ಮೆಲ್ಲಗೆ ಎದ್ದು ಕುಳಿತಳು.

“ಸಿಟ್ಟು ಐತವ್ವ ನನಗ. ಸಾಯ್ತೀನಿ ಅಂದ್ಕೊಂಡಿದ್ದೆ... ಮುಚ್ಚಿಡ್ಲಾರದ ಹೇಳಿದಿ, ಅದಕ್ಕ ಇಷ್ಟಕ್ಕ ಬಿಡ್ತೀನಿ. ಈಗ ಹಿಡ್ಕೋ. ಬಚ್ಚಲತನಕ ನಾನೇ ನಡದು ಹೋಗ್ಬೇಕು.”

ಒಂದೊಂದೇ ಹೆಜ್ಜೆ... ಗಂಗಕ್ಕನನ್ನು ನಡೆಸುತ್ತಿದ್ದ ಪಂಪಾವತಿಯ ಕಣ್ಣು ತುಂಬಿ ಬಂದವು. ಬಾಗಿಲ ಬಳಿ ಹುಲುಗೇಶ ನಿಂತಿದ್ದ.

ಪಾಳಿ ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಎದುರುಬದುರು ಕುಳಿತರು.

“ಅವತ್ತು ಸಭೆಯಾಗ ಸುಮ್ನ ಇರಬಹುದಿತ್ತು ನೀವು. ಎಲ್ಲಾ ನನ್ನ ಮ್ಯಾಲೇ ಬರ್ತಿತ್ತು. ಯಾಕ ಎದ್ರಿ?”

ಅವನು ಚಹಾದ ಲೋಟ ನೋಡುತ್ತ ಹೇಳಿದ. “ಮೂರು ದಿನ ಆ ಮೂಲ್ಯಾಗ ಕುಂತಿದ್ದೆ. ಎರಡು ಇಡ್ಲಿ ತಿನ್ನಾಕ ನೀವು ಕುಂತ್ರಿ. ಯಾರೋ ಕರದ್ರು, ಎದ್ರಿ. ಮತ್ತ ಕುಂತ್ರಿ, ಮತ್ತ ಎದ್ರಿ. ಕಡೀಗೆ ಟಿಫನ್ ಡಬ್ಬಿ ಹಂಗ ಮುಚ್ಚಿಟ್ರಿ. ಅವತ್ತಿಂದ ತಾಟಿನ ಮುಂದ ಕುಂತ್ರ ನೀವೇ ನೆನಪಿಗೆ ಬರ್ತೀರಿ...”

ಪಂಪಾವತಿ ತಲೆ ಎತ್ತಿ ಅವನನ್ನು ನೋಡಿದಳು. ನನ್ನ ತಪ್ಪು ಎಣಿಸುತ್ತಿದ್ದಾನೆ ಅಂದುಕೊಂಡಿದ್ದೆನಲ್ಲ...

“ಐತಾರ ರಜಾ ಐತಿ, ನಿಮ್ಮೂರು ಕುರುಗೋಡಿಗೆ ಬರ್ಲೇನ್ರಿ? ನಿಮ್ಮ ಅಪ್ಪ ಅವರನ್ನ ಕೇಳ್ತೀನಿ.”

“ಅಪ್ಪನ್ನ ಆಮ್ಯಾಲ ಕೇಳೀರಂತ. ಮೊದ್ಲು ನನ್ನ ಕೇಳ್ರಿ.”

ಅವನು ಲೋಟ ಪಕ್ಕಕ್ಕೆ ಸರಿಸಿದ. “ನನ್ನ ಜೋಡಿ ಬಾಳ್ವಿ ಮಾಡ್ತೀರೇನು?”

“ಮಾಡ್ತೀನಿ. ಆದ್ರ ಸಿಟ್ಟು ಬಂದ್ರ ಬೈತೀನಿ, ಗೊತ್ತಿರ್ಲಿ.”

“ಬೈರಿ,” ಎಂದ ಹುಲುಗೇಶ. “ಬೈದ ಮ್ಯಾಲ ನನ್ನ ಪಕ್ಕ ಕುಂತು ಹೊಟ್ಟಿ ತುಂಬ ಉಣ್ರಿ. ಅಷ್ಟ ಸಾಕು ನನಗ.”