ಎರಡನೇ ಡೈರೆಕ್ಟರ್

ನವೆಂಬರ್ 17, ಸೋಮವಾರ, ಬೆಳಿಗ್ಗೆ 10:20. ಹೊಸಪೇಟೆಯ ಸೈಬರ್ ಠಾಣೆಗೆ ಕಂಪ್ಲಿಯ ಸುಮಂಗಲಾ ಎಂಬ ಇಪ್ಪತ್ತಾರರ ಹೆಣ್ಣುಮಗಳು ಬಂದು ದೂರು ಕೊಟ್ಟಳು. ಗ್ರಾಮ ಆಡಳಿತ ಅಧಿಕಾರಿ ಹುದ್ದೆಗೆ ಆಯ್ಕೆಯಾಗಿದ್ದಳು. ದಾಖಲೆ ಪರಿಶೀಲನೆ ವೇಳೆ, ಸಂಡೂರಿನ ಒಂದು ಲಾರಿ ಕಂಪನಿಗೆ ಆಕೆ ಮೂರು ವರ್ಷದಿಂದ ಡೈರೆಕ್ಟರ್ ಎಂದು ಕಂಪನಿ ನೋಂದಣಿಯ ಜಾಲತಾಣದಲ್ಲಿ ಕಂಡಿತ್ತು. ಕಂಪನಿ ನಡೆಸುವವರಿಗೆ ಸರ್ಕಾರಿ ನೌಕರಿ ಎಲ್ಲಿಯದು? ಶುಕ್ರವಾರ ಸಂಜೆ ಐದರೊಳಗೆ ಸಮಜಾಯಿಷಿ ಕೊಡದಿದ್ದರೆ ಹುದ್ದೆ ಪಟ್ಟಿಯಲ್ಲಿ ಮುಂದಿನವರ ಪಾಲು.

“ಅದು ಯಾವ ಕಂಪ್ನಿ ಅಂತನ ನನಗ ಗೊತ್ತಿಲ್ರಿ ಮೇಡಂ. ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ ಅನ್ನಂಗ ಆತು,” ಎಂದಳು.

ಇನ್ಸ್‌ಪೆಕ್ಟರ್ ಶಾಂಭವಿ ಖೋಟಾ ದಾಖಲೆ ಮತ್ತು ಗುರುತಿನ ದುರ್ಬಳಕೆ ಕಲಂಗಳಡಿ ಎಫ್‌ಐಆರ್ ದಾಖಲಿಸಿದರು.

ಇಂಥ ಪ್ರಕರಣಗಳಲ್ಲಿ ಕಂಪನಿ ಹೆಸರಲ್ಲಿ ಸಾಲ ಎತ್ತಿ ಯಾರೋ ನಾಪತ್ತೆಯಾಗಿರುತ್ತಾರೆ. ಇಲ್ಲಿ ಅದೂ ಇಲ್ಲ. ಹೆಡ್ ಕಾನ್‌ಸ್ಟೆಬಲ್ ಭರಮಣ್ಣ ತೆಗೆದ ಪ್ರತಿಗಳಲ್ಲಿ ವ್ಯವಹಾರ ಸೊನ್ನೆ, ಲಾರಿ ಸೊನ್ನೆ. ಆದರೂ ವರ್ಷ ವರ್ಷ ಸಾಮಾನ್ಯ ಸಭೆ ನಡೆದಿದೆ, ವಾರ್ಷಿಕ ವರದಿ ಗಡುವಿಗೆ ಮುಂಚೆಯೇ ಸಲ್ಲಿಕೆಯಾಗಿದೆ. ಒಂದು ದಿನದ ದಂಡವೂ ಬಿದ್ದಿಲ್ಲ.

“ಇಷ್ಟು ಶಿಸ್ತಿನ ಕಳ್ಳನ್ನ ನಾ ನೋಡಿಲ್ರಿ,” ಎಂದ ಭರಮಣ್ಣ.

ಶಾಂಭವಿಗೆ ನಗು ಬರಲಿಲ್ಲ. ಯಾರಿಗೂ ಲಾಭವಿಲ್ಲದ ಅಪರಾಧವನ್ನು ಯಾವ ತುದಿಯಿಂದ ಹಿಡಿಯಬೇಕು? ಅಂದು ಮಧ್ಯಾಹ್ನದ ಊಟದ ಡಬ್ಬಿ ತೆರೆಯದೆ ಹಾಗೇ ಮನೆಗೆ ಹೋಯಿತು.

ನವೆಂಬರ್ 18, 11:30. ವರದಿಗಳನ್ನು ಸಲ್ಲಿಸಿದ್ದ ಆಡಿಟರ್ ಹಾಲೇಶನ ಕಚೇರಿ. ಡ್ರಾಯರ್ ಎಳೆದರೆ ಪೆನ್‌ಡ್ರೈವ್‌ನಂಥ ಡಿಜಿಟಲ್ ಸಹಿಯ ಟೋಕನ್‌ಗಳು ಸಾಲಾಗಿದ್ದವು. ಒಂದೊಂದೂ ಮದುವೆಯ ಮುಯ್ಯಿ ಕವರಿನೊಳಗೆ, ಮೇಲೆ ಹೆಸರು ಮತ್ತು ಫೋನ್ ನಂಬರ್.

“ಇವು ಅವರವರ ಕೈಯಾಗ ಇರ್ಬೇಕಲ್ಲ?” ಶಾಂಭವಿ ಕೇಳಿದರು.

“ಎಲ್ಲಾರೂ ನಮ್ಮತ್ರನ ಬಿಟ್ಟು ಹೋಗ್ತಾರ್ರಿ. ಮನ್ಯಾಗ ಇಟ್ರ ಕಳಕೊಂತಾರ.”

“ಸುಮಂಗಲಾನ್ನ ನೋಡೀರೇನು?”

“ಇಲ್ರಿ. ಆಕಿ ಕಾಗದ ಎಲ್ಲಾ ಇನ್ನೊಬ್ಬ ಡೈರೆಕ್ಟ್ರು ತಂದುಕೊಟ್ರು.”

“ಆಕಿ ಸಹಿ ಹಾಕಿದ್ದು ಯಾರು?”

ಹಾಲೇಶ್ ಡ್ರಾಯರಿನ ಕಡೆ ನೋಡಿದ. “ಆ ಡೈರೆಕ್ಟ್ರು ಫೋನಾಗ ಹೂಂ ಅಂದ್ಮ್ಯಾಗ ನಾವ ಹಾಕ್ತಿದ್ವಿ.”

ಇಬ್ಬರು ಪಂಚರ ಮುಂದೆ ಪಂಚನಾಮೆ ಬರೆದು ಟೋಕನ್ ಜಪ್ತಿ ಮಾಡಿದರು. ಸುಮಂಗಲಾಳ ಕವರಿನ ಮೇಲಿದ್ದ ನಂಬರ್ ಆಕೆಯದಲ್ಲ, ಕಂಪನಿಯ ಇನ್ನೊಬ್ಬ ಡೈರೆಕ್ಟರ್ ಸಂಡೂರಿನ ಹೊನ್ನೂರಪ್ಪನದು.

ಡಿಜಿಟಲ್ ಸಹಿ ಪಡೆಯಲು ಹೆಸರು ಹೇಳುವ ವಿಡಿಯೋ ಕೊಡಲೇಬೇಕು. ಶಾಂಭವಿ ಸುಮಂಗಲಾಗೆ ಫೋನ್ ಹಚ್ಚಿದರು. “ಯಾರಾದ್ರು ಮೊಬೈಲ್ ಮುಂದ ಹೆಸರು ಹೇಳ್ಸಿ ವಿಡಿಯೋ ಮಾಡ್ಸಿದ್ರೇನವ್ವ?”

“ಹೌದ್ರಿ. ಮೂರು ವರ್ಷದ ಹಿಂದ ಸಂಡೂರಾಗ ಝೆರಾಕ್ಸ್ ಅಂಗಡ್ಯಾಗ ಇದ್ದೆ. ಯಜಮಾನ್ರೊಬ್ರು ಕಂಪ್ಯೂಟರ್ ಕೆಲಸ ಕೊಡಸ್ತೀನಿ ಅಂತ ಆಧಾರ್, ಪ್ಯಾನ್ ತಗೊಂಡ್ರು, ವಿಡಿಯೋನೂ ಮಾಡ್ಕೊಂಡ್ರು. ಕೆಲಸ ಬರ್ಲಿಲ್ಲ, ಮರ್ತಬಿಟ್ಟೆ.”

ಹೊನ್ನೂರಪ್ಪ ಬುಧವಾರ ಊರಲ್ಲಿರಲಿಲ್ಲ. ಅಂದು ಇಡೀ ದಿನ ಜೀಪು ಸುಮ್ಮನೆ ಸುತ್ತಿತು.

ನವೆಂಬರ್ 20, ಗುರುವಾರ, ಬೆಳಿಗ್ಗೆ 7:40, ಸಂಡೂರು. ಓಣಿಯಲ್ಲಿ ಹೆಸರು ಹೇಳುತ್ತಲೇ, “ಡೈರೆಕ್ಟ್ರು ಮನಿ ಏನ್ರಿ?” ಎಂದು ಮೂವರು ದಾರಿ ತೋರಿಸಿದರು. ಎರಡು ಕೋಣೆಯ ಶೀಟಿನ ಮನೆ. ಬಾಗಿಲ ಮೇಲೆ ಹಿತ್ತಾಳೆ ಫಲಕ: ಹೊನ್ನೂರಪ್ಪ, ಡೈರೆಕ್ಟರ್.

“ಕಂಪ್ನಿ ಯಾರ್ದು?”

“ದೊಡ್ಡಬಸಪ್ಪ ಸಾವುಕಾರ್ರದು. ನಾ ಅವ್ರ ಲಾರಿ ಡ್ರೈವರ್ ಇದ್ನಿ. ಕಂಪ್ನಿ ಮಾಡಾಕ ಇಬ್ರು ಬೇಕಂದ್ರಂತ, ನನ್ನ ಹೆಸರು ಬರ್ಸಿದ್ರು.”

“ಈಗ ಅವ್ರು?”

“ತೀರಿಕೊಂಡು ನಾಕು ವರ್ಷಾತು. ಗಣಿ ಬಂದಾದಾಗನ ಲಾರಿ ಮಾರಿದ್ರು.”

“ಮತ್ತ ಯಾಕ ನಡಸೀರಿ?”

ಹೊನ್ನೂರಪ್ಪ ಫಲಕದ ಕಡೆ ನೋಡಲಿಲ್ಲ. “ನಮ್ಮಪ್ಪಗ, ನನಗ, ಈ ಊರಾಗ ಎಲ್ಲಾರೂ ಲೇ ಅಂತಿದ್ರು ಮೇಡಂ. ಡೈರೆಕ್ಟರ್ ಆದ್ಮ್ಯಾಗ ಬರ್ರಿ, ಕುಂದ್ರಿ ಅಂದ್ರು. ಒಬ್ಬನ ಉಳಿದ್ರ ಕಂಪ್ನಿ ಹೋಗ್ತೈತಿ ಅಂದ್ರು ಆಡಿಟರ್. ಆ ಹುಡುಗಿ ಛಲೋ ಕೆಲಸ ಹುಡಕತಿದ್ಲು. ಆಕಿಗೆ ಕೆಟ್ಟದ್ದು ಮಾಡಿಲ್ರಿ, ಡೈರೆಕ್ಟರ್ ಮಾಡೀನಿ.”

“ಅದರಿಂದನ ಆಕಿ ನೌಕರಿ ಹೊಂಟೈತಿ. ನಾಳೆ ಸಂಜಿ ಐದಕ್ಕ.”

ಆತ ಹೊಸ್ತಿಲ ಮೇಲೆ ಕುಳಿತ. ಶಾಂಭವಿಗೆ ಸಿಟ್ಟು ಬರಬೇಕಿತ್ತು, ಬಂದದ್ದು ಸಂಕಟ. ಆದರೂ ಇದ್ದದ್ದನ್ನು ಇದ್ದಂತೆ ಹೇಳಿದರು: “ಆಕಿಗೆ ಏನೂ ಗೊತ್ತಿಲ್ಲ ಅಂತ ನೀವು ಬರ್ದುಕೊಟ್ರ ಆಕಿ ಉಳೀತಾಳ. ಕಂಪ್ನಿ ಉಳಿಯಂಗಿಲ್ಲ.”

“ಗೊತ್ತೈತ್ರಿ. ಕಾಗದ ಕೊಡ್ರಿ.”

ಒಂದೂವರೆ ಪುಟ ಬರೆಯಲು ಐವತ್ತು ನಿಮಿಷ ಹಿಡಿಯಿತು. ಮರುದಿನ ಠಾಣೆಗೆ ಹಾಜರಾಗುವಂತೆ ನೋಟಿಸ್ ಕೊಟ್ಟು ಬಂದರು.

ಶುಕ್ರವಾರ ಮಧ್ಯಾಹ್ನ 4:10ಕ್ಕೆ ಹೇಳಿಕೆಯ ಪ್ರತಿ, ಎಫ್‌ಐಆರ್, ಠಾಣೆಯ ಪತ್ರ ಮೂರನ್ನೂ ನೇಮಕಾತಿ ಕಚೇರಿ ಸ್ವೀಕರಿಸಿ, ಸುಮಂಗಲಾಳ ಹುದ್ದೆಯನ್ನು ಕಾಯ್ದಿರಿಸಿತು. ಫೋನಿನಲ್ಲಿ ಆಕೆ ಅತ್ತಳು. ಹಾಲೇಶನನ್ನು ಎರಡನೇ ಆರೋಪಿಯಾಗಿ ಸೇರಿಸಲಾಯಿತು.

5:25ಕ್ಕೆ ಹೊನ್ನೂರಪ್ಪ ಸಂಡೂರು ಬಸ್ಸಿಳಿದು ತಾನೇ ನಡೆದು ಬಂದ. ಭರಮಣ್ಣ ಬಂಧನದ ನಮೂನೆ ತುಂಬತೊಡಗಿದ. ಹೆಸರು, ತಂದೆ ಹೆಸರು, ವಯಸ್ಸು ಅರವತ್ತೊಂದು. ಉದ್ಯೋಗದ ಕಾಲಂಗೆ ಬಂದಾಗ ಪೆನ್ನು ನಿಂತಿತು. ಭರಮಣ್ಣ ಶಾಂಭವಿಯ ಮುಖ ನೋಡಿದ.

“ಡ್ರೈವರ್ ಅಂತ ಬರಿಯಪ್ಪ,” ಎಂದ ಹೊನ್ನೂರಪ್ಪ.

“ಕುಂದ್ರಿ,” ಎಂದು ಕುರ್ಚಿ ಎಳೆದುಕೊಟ್ಟು ಭರಮಣ್ಣ ಹಾಗೆಯೇ ಬರೆದ.