ದೀಪಗಾರನ ಜಾಗದಲ್ಲಿ ಧೂಮಕೇತು

ಕಾರ್ಡನ್ನು ಮುಟ್ಟದೆ, ಕಣ್ಣಲ್ಲಿ ನೋಡದೆ, ಬರೀ ಮೂಸಿ ಅದರ ಬಲಾಬಲ ಹೇಳುವ ಶಕ್ತಿ ಇಡೀ ದಕ್ಷಿಣ ಅಮೆರಿಕದಲ್ಲಿ ನನ್ನೊಬ್ಬನಿಗೇ ಇತ್ತು. ಒಮ್ಮೆ ನಾನು ಒಂದು ಕಾರ್ಡನ್ನು "ದಂಡ!" ಎಂದು ಕೂಗಿದ ರಭಸಕ್ಕೆ ಬಿಯೊಬಿಯೊ ನದಿ ಹಿಂದಕ್ಕೆ ಹರಿದು, ಕಡಲ ಮೀನುಗಳೆಲ್ಲ ದಿಕ್ಕುತಪ್ಪಿ ಕನ್ಸೆಪ್ಸಿಯೋನ್ ಊರಿನ ಪೇಟೆಬೀದಿಗೆ ಬಂದು ಬಿದ್ದಿದ್ದವು. ನಂಬದವರು ಅಲ್ಲಿಯ ಮೀನು ಮಾರುವವರನ್ನು ಕೇಳಬಹುದು.

ಇಂಥ ನಾನು, ಯೆರ್ಕೊ, ದೋನ್ ನಿಬಾಲ್ದೊ ಅವರ ಬಲಗೈ ಬಂಟನಾಗಿದ್ದೆ. ನೂರಿ ಅತ್ತೆಯ ಕಾರ್ಡಿನ ಅಂಗಡಿಯಲ್ಲಿ 'ಕೊನೆಯ ಕಕ್ಷೆ' ಪಂದ್ಯಗಳಿಗೆ ಅವರೇ ತೀರ್ಪುಗಾರರು. ಆಕಾಶನೌಕೆ, ಗ್ರಹ, ನಾವಿಕರ ಕಾರ್ಡುಗಳನ್ನು ಜೋಡಿಸಿ ಕಟ್ಟು ಕಟ್ಟಿಕೊಂಡು ಆಡುವ ಆಟ ಅದು. ಯಾರ ಕಟ್ಟಿನಲ್ಲಿ ಯಾರದೋ ಕಾರ್ಡು ಸೇರಿಕೊಂಡರೆ ಪತ್ತೆ ಹಚ್ಚುವುದೂ ಅವರದೇ ಕೆಲಸ. ಒಲೆಯ ಪಕ್ಕದ ಕುರ್ಚಿಯಿಂದ ಏಳದೆ, ಚಹಾದ ಬಟ್ಟಲು ಕೆಳಗಿಡದೆ ಅವರು ಕಳ್ಳರನ್ನು ಹಿಡಿದದ್ದುಂಟು. ನಾನಿಲ್ಲದೆ ಅವರಿಂದ ಒಂದೂ ಆಗುತ್ತಿರಲಿಲ್ಲ, ಆ ಮಾತು ಬೇರೆ.

ಜುಲೈ ತಿಂಗಳ ಒಂದು ಸಂಜೆ ದೋನ್ಯಾ ಒರಿಯೆತ ಅಂಗಡಿಯ ಬಾಗಿಲು ತಳ್ಳಿಕೊಂಡು ಬಂದರು. ಮೈಮೇಲೆ ಕಪ್ಪು ಶಾಲು, ಕೈಯಲ್ಲಿ ಸಣ್ಣ ಮರದ ಪೆಟ್ಟಿಗೆ. ಅವರ ಮಗಳು ಅಯೆಲೆನ್ ಹಿಂದಿನ ವಾರವಷ್ಟೇ ರಕ್ತದ ಕಾಯಿಲೆಯಿಂದ ತೀರಿಕೊಂಡಿದ್ದಳು. ನಮ್ಮ ಅಂಗಡಿಯಲ್ಲೇ ಆಡಿ ಬೆಳೆದ ಹುಡುಗಿ.

"ದೋನ್ ನಿಬಾಲ್ದೊ, ನನ್ನ ಮಗಳ ಕಾರ್ಡು ಯಾರೋ ಕದ್ದಿದಾರೆ," ಎಂದರು. "ನಾಳೆ ಅವಳ ಸಮಾಧಿ ಗೂಡಿನ ಬಾಯಿಗೆ ಗಾಜು ಹಾಕಿಸ್ತಿದೀನಿ. ಅವಳ ಕಟ್ಟಿರೋ ಈ ಪೆಟ್ಟಿಗೇನ ಒಳಗಿಡ್ಬೇಕು. ಹೀಗೆ ಅರೆಬರೆ ಮಾಡಿ ಹೇಗಿಡ್ಲಿ?"

"ಕೂತ್ಕೊಳ್ಳಿ ತಾಯಿ. ಯಾವ ಕಾರ್ಡು?"

"ಲಾಂದ್ರ ಹಿಡ್ಕೊಂಡು ಒಬ್ಬ ಮುದುಕ ನಿಂತಿರ್ತಾನೆ. ನಂಗೆ ಆಟ ಗೊತ್ತಿಲ್ಲ. ಆದ್ರೆ ಅದನ್ನ ತೋರಿಸಿ, 'ಅಮ್ಮಾ, ಇದು ನನ್ನ ಮುದ್ದಿಂದು' ಅಂತಿದ್ಲು."

ಬಂದರಿನ ದೀಪಗಾರ! ಆಟದಲ್ಲಿ ಅದಕ್ಕಿಂತ ದಂಡದ ಕಾರ್ಡು ಇನ್ನೊಂದಿಲ್ಲ. ಅದನ್ನು ಇಳಿಸಿದರೆ ಇಬ್ಬರು ಆಟಗಾರರಿಗೂ ಒಂದೊಂದು ಸರದಿ ಹೆಚ್ಚಿಗೆ ಸಿಗುತ್ತದೆ. ನಮಗೆ ಸಿಕ್ಕಿದ್ದು ಎದುರಾಳಿಗೂ ಸಿಕ್ಕರೆ ಏನು ಭಾಗ್ಯ? ಪೊಟ್ಟಣದಲ್ಲಿ ಅದು ಬಂದರೆ ನಾವೆಲ್ಲ ನೋಡದೆಯೇ ಗಲ್ಲಾ ಮೇಜಿನ ಕೆಳಗಿನ ರಟ್ಟಿನ ಡಬ್ಬಿಗೆ ಎಸೆಯುತ್ತಿದ್ದೆವು. ಆ ಡಬ್ಬಿಗೆ 'ಅನಾಥಾಲಯ' ಎಂದು ಹೆಸರು. ಹೊಸದಾಗಿ ಆಟ ಕಲಿಯುವವರು ಅದರಿಂದ ಬೇಕಾದ್ದು ಆರಿಸಿಕೊಳ್ಳಬಹುದಿತ್ತು.

ದೋನ್ ನಿಬಾಲ್ದೊ ಕಾರ್ಡುಗಳನ್ನು ಮೇಜಿನ ಮೇಲೆ ಹರಡಿದರು. ಲೆಕ್ಕ ಸರಿಯಾಗಿಯೇ ಇತ್ತು. ದೀಪಗಾರನ ಜಾಗದಲ್ಲಿ, ಅಂಚು ಸವೆದ ಅದೇ ಹಳೆಯ ನೀಲಿ ಪ್ಲಾಸ್ಟಿಕ್ ಹೊದಿಕೆಯೊಳಗೆ, 'ಕಪ್ಪು ಧೂಮಕೇತು' ಕುಳಿತಿತ್ತು.

"ಪೆಟ್ಟಿಗೆ ಮುಟ್ಟಿದ್ದು ಯಾರ್ಯಾರು?"

"ಜಾಗರಣೆ ದಿನ ಶವದ ಪಕ್ಕದಲ್ಲೇ ಇತ್ತು. ನಿಮ್ಮೋರು ಮೂರೇ ಜನ ಮುಟ್ಟಿದ್ದು. ನೂರಿ ಅದರ ಮೇಲೆ ಹೂ ಇಟ್ಲು. ವಾಷಿಂಗ್ಟನ್ ಮುಚ್ಚಳ ತೆಗೆದು ಮೇಲಿನ ಒಂದೆರಡು ಕಾರ್ಡು ನೋಡಿದ. ಆಮೇಲೆ ಇವನು, ಎದೆಗವಚ್ಕೊಂಡು ಅಳ್ತಾ ಮೂಲೇಲಿ ಕೂತಿದ್ದ."

"ಅತ್ತಿದ್ದಲ್ಲ ದೋನ್ಯಾ, ನೆಗಡಿ ಆಗಿತ್ತು," ಎಂದೆ.

ಒಳಗೆ ಸೋಪಾಯ್ಪಿಯ ಎಂಬ ಕುಂಬಳಕಾಯಿ ಪೂರಿ ಕರಿಯುತ್ತಿದ್ದ ನೂರಿ ಅತ್ತೆ ಸೌಟು ಹಿಡಿದೇ ಬಂದಳು. ನಮ್ಮ ಊರಿನ ಚಾಂಪಿಯನ್ ವಾಷಿಂಗ್ಟನ್ ಎದುರಿನ ಮೇಜಿನಿಂದ ಎದ್ದು ಬಂದ.

"ಕಳ್ಳ ಇವ್ನೇ!" ನಾನು ಅವನ ಕಡೆ ಬೆರಳು ಚಾಚಿದೆ. "ಅಯೆಲೆನ್ ಕಾರ್ಡುಗಳ ಮೇಲೆ ಇವನಿಗೆ ಮೊದಲಿಂದ್ಲೂ ಕಣ್ಣು."

"ಹೋಗೋ ತುತ್ತೂರಿ," ಎಂದ ವಾಷಿಂಗ್ಟನ್. "ನಂಗೆ ಕಣ್ಣಿದ್ದದ್ದು ಅವಳ ಸೂರ್ಯನೌಕೆ ಮೇಲೆ. ಅದು ಇಲ್ಲೇ ಇದೆ ನೋಡು. ಆ ಮುದುಕನ್ನ ತಗೊಂಡು ಉಪ್ಪಿನಕಾಯಿ ಹಾಕ್ಲಾ?"

"ವಾಷಿಂಗ್ಟನ್, ಹಿಂದಿನ ಫೈನಲ್‌ನಲ್ಲಿ ಅವಳು ನಿನ್ನ ಮೇಲೆ ದೀಪಗಾರನ್ನ ಇಳಿಸಿದ್ಲಾ?" ಎಂದು ದೋನ್ ನಿಬಾಲ್ದೊ ಕೇಳಿದರು.

"ಇಲ್ಲ. ಅವಳ ಹತ್ರ ಅದಿತ್ತು ಅಂತ್ಲೇ ನಂಗೊತ್ತಿಲ್ಲ."

"ಈ ಧೂಮಕೇತು ಹೇಗಿದೆ, ನೋಡಿ ಹೇಳ್ರಪ್ಪ."

ನೂರಿ ಅತ್ತೆ ಮೂಗು ಮುರಿದಳು. "ಕಪ್ಪು ಬಣ್ಣದ್ದು. ನಂಗೆ ಕೆಂಪು, ನೀಲಿ, ಕಪ್ಪು ಅಷ್ಟೇ ಗೊತ್ತು. ಬಲ ಗಿಲ ಕೇಳ್ಬೇಡಿ."

ವಾಷಿಂಗ್ಟನ್ ಅದನ್ನು ಬೆರಳ ತುದಿಯಲ್ಲಿ ಎತ್ತಿ, ಮಿಕ್ಕ ಕಾರ್ಡುಗಳ ಮೇಲೆ ಕಣ್ಣಾಡಿಸಿ, ಹಾಗೇ ಕೆಳಗಿಟ್ಟ.

"ಇದನ್ನ ಕೇಳ್ಬೇಕಾ?" ಎಂದೆ ನಾನು. "ಇಡೀ ಆಟಕ್ಕೇ ರಾಜ! ಒಂದೇ ಏಟಿಗೆ ಮೂರು ಗ್ರಹ ಬೂದಿ. ಯಾರೇ ಇಟ್ಟಿರ್ಲಿ, ಅವನ ಕೈಗೆ ಬಂಗಾರದ ಬಳೆ ತೊಡಿಸ್ಬೇಕು."

ದೋನ್ ನಿಬಾಲ್ದೊ ಚಹಾದ ಬಟ್ಟಲನ್ನು ಕೆಳಗಿಟ್ಟರು.

"ತಾಯಿ, ಇದು ಕಳ್ಳತನ ಅಲ್ಲ," ಎಂದು ಅವರು ಶುರುಮಾಡಿದರು. "ಕಳ್ಳ ಆಗಿದ್ರೆ ಸೂರ್ಯನೌಕೆ ಹೋಗ್ತಿತ್ತು. ಹೋಗಿದ್ದು ಕೆಲಸಕ್ಕೆ ಬಾರದ್ದು, ಬಂದಿದ್ದು ಬೆಲೆಬಾಳೋದು. ಅದೂ ಅವಳ ಹಳೇ ಹೊದಿಕೆ ಹರೀದ ಹಾಗೆ, ಒಳಗಿನ ಕಾರ್ಡು ಮಾತ್ರ ಬದಲಾಯಿಸಿದಾರೆ. ಅಂದ್ರೆ ಯಾರೋ ಅವಳಿಗೆ ಕಾಣಿಕೆ ಕೊಟ್ಟಿದಾರೆ. ಇದು ದುರ್ಬಲ, ಇದು ಬಲಶಾಲಿ ಅಂತ ಗೊತ್ತಿರೋರು. ಹಾಗಾಗಿ ನೂರಿ ಅಲ್ಲ."

"ಮತ್ತೆ ವಾಷಿಂಗ್ಟನ್ನೇ!" ಎಂದೆ.

"ಸುಮ್ನಿರು. ಧೂಮಕೇತು ಹಾರೋಕೆ ಏನು ಬೇಕು?"

"ಕೆಂಪು ನಕ್ಷತ್ರದ ಇಂಧನ," ಎಂದ ವಾಷಿಂಗ್ಟನ್ ಮೆಲ್ಲಗೆ.

"ಈ ಕಟ್ಟಲ್ಲಿ ಇಂಧನ ಎಲ್ಲಾ ನೀಲಿ. ಒಂದೂ ಕೆಂಪಿಲ್ಲ. ಇಲ್ಲಿ ಈ ರಾಜ ಆಟ ಮುಗಿಯೋವರ್ಗೂ ಕೈಯಲ್ಲೇ ಕೊಳೀತಾನೆ. ಜೊತೆಗಾರರು ಯಾರು ಅಂತ ನೋಡದೆ ಬಲ ಅಳೆಯೋ ತಪ್ಪನ್ನ ವಾಷಿಂಗ್ಟನ್ ನಿದ್ದೇಲೂ ಮಾಡಲ್ಲ. ಅದಕ್ಕೇ ನೋಡಿ, ಮಾತಾಡದೆ ಕೆಳಗಿಟ್ಟ. ಕಟ್ಟು ಕಣ್ಣೆದುರಿಗೇ ಹರಡಿದ್ರೂ 'ರಾಜ, ರಾಜ' ಅಂತ ಕೂಗಿದೋನು ಒಬ್ಬನೇ." ಅವರು ನನ್ನ ಕಡೆ ನೋಡಲಿಲ್ಲ. "ನೂರಿ, ಅನಾಥಾಲಯ ತಗೊಂಬಾ. ಅಂಗಡಿ ಹುಡುಗರ ಕೈ ದುರ್ಬಲ ಕಾರ್ಡನ್ನ ಬೇರೆಲ್ಲೂ ಹಾಕಲ್ಲ."

ಡಬ್ಬಿಯ ಮೇಲುಮೇಲೆಯೇ ಮುದುಕ ಲಾಂದ್ರ ಹಿಡಿದು ನಿಂತಿದ್ದ. ಮೂಲೆಯಲ್ಲಿ ಅಯೆಲೆನ್ ಪೆನ್ನಿನಿಂದ ಬರೆದಿದ್ದ ಪುಟ್ಟ ನಕ್ಷತ್ರ. ದೋನ್ಯಾ ಒರಿಯೆತ ಅದನ್ನೆತ್ತಿ ಕೆನ್ನೆಗೆ ಒತ್ತಿಕೊಂಡರು.

"ಯಾಕೋ ಯೆರ್ಕೊ?" ಎಂದರು.

ನನ್ನ ಗಂಟಲಲ್ಲಿ ತುತ್ತೂರಿ ಊದಲಿಲ್ಲ. "ಅವಳು ಹೋಗೋ ದಾರಿ ದೂರ," ಎಂದೆ. "ಕೈಯಲ್ಲಿ ಅಂಥ ದಂಡದ ಕಾರ್ಡು ಇರಬಾರ್ದು ಅನ್ನಿಸ್ತು. ನನ್ನ ಹತ್ರ ಇದ್ದಿದ್ರಲ್ಲಿ ದೊಡ್ಡದು ಅದೊಂದೇ."

"ದಂಡ ಅಂತ ಯಾರು ಹೇಳಿದ್ದು?" ದೋನ್ ನಿಬಾಲ್ದೊ ಅವರ ದನಿ ಇಳಿದಿತ್ತು. "ಪಂದ್ಯಕ್ಕೆ ಮುಂಚೆ ಎಲ್ಲರ ಕಟ್ಟೂ ನೋಡೋನು ನಾನು. ಅವಳ ಪಂದ್ಯದ ಕಟ್ಟಲ್ಲಿ ದೀಪಗಾರ ಒಂದು ಸಲಾನೂ ಇರ್ಲಿಲ್ಲ. ಗುರುವಾರ ಸಂಜೆ, ನಿನ್ನ ಜೊತೆ ಆಡೋಕೆ ಕೂರೋವಾಗ ಮಾತ್ರ ಜೇಬಿಂದ ತೆಗೆದು ಸೇರಿಸ್ತಿದ್ಲು. ಈ ಕುರ್ಚಿಯಿಂದ ನಾನು ನೋಡ್ತಿದ್ದೆ. ನಿಮ್ಮ ಆಟ ಮುಗಿಯೋ ಹೊತ್ತಿಗೆ ಸರಿಯಾಗಿ ಅದನ್ನ ಇಳಿಸ್ತಿದ್ಲು. ಇಬ್ಬರಿಗೂ ಇನ್ನೊಂದು ಸರದಿ. ಅವಳಿಗೆ ಗೆಲ್ಲೋದು ಬೇಕಿರ್ಲಿಲ್ಲ ಕಣೋ. ಇನ್ನೊಂಚೂರು ಹೊತ್ತು ಬೇಕಿತ್ತು."

ಆ ಪ್ರತಿ ಗುರುವಾರವೂ ನಾನು ನಕ್ಕಿದ್ದೆ. "ಎಂಥ ಕಾರ್ಡು ಇಟ್ಕೊಂಡಿದೀಯೇ ಪೆದ್ದಿ, ಬೇಗ ಸೋಲು, ಬಸ್ಸು ಹೋಗುತ್ತೆ," ಎಂದು ರೇಗಿಸಿದ್ದೆ. ಅವಳೂ ನಗುತ್ತಿದ್ದಳು.

ವಾಷಿಂಗ್ಟನ್ ಬೂಟಿನ ತುದಿ ನೋಡುತ್ತ ನಿಂತಿದ್ದ. ನೂರಿ ಅತ್ತೆ ಕಣ್ಣೊರೆಸಿಕೊಳ್ಳುತ್ತ ಒಳಗೆ ಹೋದಳು.

ದೋನ್ಯಾ ಒರಿಯೆತ ಧೂಮಕೇತುವನ್ನು ಹೊರತೆಗೆದು ನನ್ನ ಅಂಗೈಯಲ್ಲಿಟ್ಟರು. ದೀಪಗಾರನನ್ನು ಹಳೆಯ ಹೊದಿಕೆಯೊಳಗೆ ಜಾರಿಸಿ ಕಟ್ಟಿಗೆ ಸೇರಿಸಿದರು. ಪೆಟ್ಟಿಗೆ ಮುಚ್ಚುವ ಮುನ್ನ ಕೇಳಿದರು: "ನಿನಗೂ ಅವಳು ಬೇಕಾಗಿದ್ಲಲ್ಲ. ಹೇಳಿದ್ಯೇನಪ್ಪ ಅವಳಿಗೆ?"

"ಹೇಳ್ದೆ ಇರ್ತೀನಾ ದೋನ್ಯಾ? ಸಾವಿರ ಸಲ! ಇಡೀ ಚೌಕಕ್ಕೆ ಕೇಳೋ ಹಾಗೆ ಕೂಗಿ ಹೇಳಿದೀನಿ. ಚರ್ಚಿನ ಗಂಟೆಗಳೆಲ್ಲ ತಾವಾಗೇ..."

ಯಾರೂ ನಗಲಿಲ್ಲ. ಆ ತಾಯಿ ನನ್ನನ್ನೇ ನೋಡುತ್ತಿದ್ದರು. ಅವರಿಗೆ ಆ ಮಾತು ನಿಜವಾಗಿರಬೇಕಿತ್ತು.

"ಇಲ್ಲಮ್ಮ," ಎಂದೆ. "ಒಂದು ಸಲಾನೂ ಹೇಳ್ಲಿಲ್ಲ."