ಬಿಸಿಲು ಕಂಡ ತೋಳು

ಸೋಮವಾರ ಬೆಳಗ್ಗೆ ಹತ್ತು ಇಪ್ಪತ್ತಕ್ಕೆ ಪ್ರಯೋಗಾಲಯದ ಮುಖ್ಯಸ್ಥರು ಠಾಣೆಗೆ ಬಂದು ದೂರು ಕೊಟ್ಟರು. ಎಂಟೂವರೆಗೆ ಕಪಾಟಿನಲ್ಲಿದ್ದ ಕಂದು ಬಾಟಲಿ ಒಂಬತ್ತೂವರೆಗೆ ಇರಲಿಲ್ಲ. ಅದರಲ್ಲಿದ್ದದ್ದು ದ್ರವ ರಾಳ. ತ್ರೀಡಿ ಪ್ರಿಂಟರ್ ಅದನ್ನು ಬೆಳಕಿನಿಂದ ಪದರ ಪದರವಾಗಿ ಗಟ್ಟಿಮಾಡಿ, ಕೂದಲಿಗಿಂತ ಸಣ್ಣ ಮೊನೆಯ ಸೂಜಿ ಮಾಡುತ್ತಿತ್ತು. ನೋವು ಗೊತ್ತಾಗದಂತೆ ಚರ್ಮದೊಳಗೆ ಔಷಧಿ ಇಳಿಸುವ ಸೂಜಿ. ಚರ್ಮಕ್ಕೆ ಒಗ್ಗಿದ ರಾಳ ಅದೊಂದೇ. ಬುಧವಾರ ಆಸ್ಪತ್ರೆಯ ತಜ್ಞರಿಗೆ ಸೂಜಿ ಮಾಡಿ ತೋರಿಸಬೇಕಿತ್ತು.

ಎಫ್‌ಐಆರ್ ದಾಖಲಿಸಿ ಇನ್ಸ್‌ಪೆಕ್ಟರ್ ಸ್ಥಳಕ್ಕೆ ಹೊರಟರು. ಜೊತೆಗೆ ಹೋದ ಕಾನ್ಸ್‌ಟೇಬಲ್ ದರ್ಜಿಯ ಮಗಳು. ಠಾಣೆಯವರೆಲ್ಲ ಅವಳನ್ನು ಕರೆಯುತ್ತಿದ್ದುದೇ 'ಕತ್ತರಿ' ಎಂದು. ಬೀಗ ಮುರಿದಿರಲಿಲ್ಲ. ಕಪಾಟಿನ ತಳದಲ್ಲಿ ಅಂಟು ಹನಿಗಳಿದ್ದವು. ಪಂಚನಾಮೆ ಬರೆಯುತ್ತ ಕತ್ತರಿ ತಲೆಯೆತ್ತಿದಳು.

"ಇಲ್ಲಿ ಯಾಕೆ ಸಾರ್, ಬರೀ ಹಳದಿ ದೀಪ?"

"ಬಿಸಿಲು ತಾಗಿದ್ರೆ ರಾಳ ಕಲ್ಲಾಗುತ್ತಮ್ಮ," ಎಂದರು ಮುಖ್ಯಸ್ಥರು.

ಕೀ ಇದ್ದದ್ದು ಮೂವರ ಹತ್ತಿರ. ವಿಚಾರಣೆ ನಡೆಯುವಾಗ ಕತ್ತರಿಯ ಕಣ್ಣು ಅವರಲ್ಲೊಬ್ಬನಾದ, ರಾಳ ಬೆರೆಸುವ ತಂತ್ರಜ್ಞನ ಅಂಗಿಗೆ ಅಂಟಿಕೊಂಡಿತು. ಅದರ ಎಡತೋಳು ಮಾತ್ರ ಸೆಟೆದು ನಿಂತಿತ್ತು.

"ಅಣ್ಣಾ, ಬೆಳಗ್ಗೆಯಿಂದ ಹೊರಗೆ ಹೋಗಿದ್ರಾ?"

"ಇಲ್ಲ. ಇಲ್ಲೇ ಇದ್ದೆ."

"ಎಡಗಡೆ ತೋಳು ಸ್ವಲ್ಪ ಮಡಚಿ."

"ಗಂಜಿ ಹಾಕಿದ್ದಮ್ಮ, ಮಡಚೋಕಾಗಲ್ಲ."

"ಗಂಜಿ ಹಾಕೋರು ಒಂದೇ ತೋಳಿಗೆ ಹಾಕ್ತಾರಾ?"

ಅವನು ಮಡಚಿದ. ಬಟ್ಟೆಯ ಮೇಲೆ ಕಲ್ಲಾಗಿದ್ದ ಪದರ ಪಟ್ಟೆಂದು ಬಿರುಕು ಬಿಟ್ಟಿತು.

"ಒಳಗೇ ಇದ್ದಿದ್ರೆ ಚೆಲ್ಲಿದ ರಾಳ ಇನ್ನೂ ಅಂಟಂಟಾಗಿರ್ತಿತ್ತು. ಈ ತೋಳು ಬಿಸಿಲು ಕಂಡಿದೆ."

ಇನ್ಸ್‌ಪೆಕ್ಟರ್ ತಮ್ಮ ಕುರ್ಚಿಯನ್ನು ಅವಳತ್ತ ಸರಿಸಿ ಪಕ್ಕದಲ್ಲಿ ನಿಂತರು.

ಒಂದು ಹತ್ತಕ್ಕೆ ಅವನ ಸ್ಕೂಟರಿನ ಡಬ್ಬಿಯಲ್ಲಿ ಬಾಟಲಿ ಸಿಕ್ಕಿತು. ಒಳಗಿನ ರಾಳ ಕೆಟ್ಟಿರಲಿಲ್ಲ. ಎರಡು ಗಂಟೆಗೆ ಬಂಧನ.

"ನಾಲ್ಕು ವರ್ಷ, ಇನ್ನೂರಾ ಹದಿನೇಳು ಸಲ ಬೆರೆಸಿದೀನಿ," ಎಂದ ಅವನು. "ಒಂದರಲ್ಲಿ ಮೊನೆ ಬಾಗೋದು, ಇನ್ನೊಂದರಲ್ಲಿ ಮುರಿಯೋದು. ಇದೊಂದು ನಿಂತಿತು. ಬುಧವಾರ ತಜ್ಞರಿಗೆ ಕೊಡೋ ಕಾಗದದಲ್ಲಿ ನನ್ನ ಹೆಸರೇ ಇಲ್ಲ. ಬಾಟಲಿ ಇಲ್ಲದಿದ್ರೆ ಮತ್ತೆ ಬೆರೆಸೋಕೆ ನನ್ನನ್ನೇ ಮುಂದೆ ಕರೀಬೇಕಿತ್ತಲ್ಲ?"

ಹೇಳುವಾಗ ಅವನ ತಲೆ ತಗ್ಗಿರಲಿಲ್ಲ. ಮುಖ್ಯಸ್ಥರೇ ನೆಲ ನೋಡುತ್ತಿದ್ದರು.

ಸಂಜೆ ಇನ್ಸ್‌ಪೆಕ್ಟರ್ ಕೇಸ್ ಡೈರಿ ತೆರೆದರು. ಕಾರಣ: ಲಾಭಕ್ಕಲ್ಲ, ತನ್ನ ಕೆಲಸ ತನ್ನದೆನ್ನಿಸಿಕೊಳ್ಳಲು. ಕೊಂಚ ತಡೆದು ಕೆಳಗೆ ಇನ್ನೊಂದು ಸಾಲು ಸೇರಿಸಿದರು: ಸುಳಿವು ಪತ್ತೆ ಮಾಡಿದವರು. ಅದರ ಮುಂದೆ ಅವಳ ಪೂರ್ತಿ ಹೆಸರು, ನಂಬರು.

"ಸರಿಯಾಗಿದೆಯಾ ನೋಡಮ್ಮ."

ಅವಳು ಎರಡು ಸಲ ಓದಿ, ಸೆಲ್ಯೂಟ್ ಹೊಡೆದಳು.